ಬಿಡಿ ಅಂದರೆ ಏನರ್ಥ

ಟಣ್.

ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ, ಟಣ್.

ಕಡೂರಿನ ಆ ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ ಅಂದುಕೊಂಡು ಅಶ್ವಿನಿ ನಡುಮನೆಯಲ್ಲಿ ಗಾಲ್ಫ್ ಚೆಂಡು ಉರುಳಿಸುತ್ತಿದ್ದಳು. ಗೋಡೆಗೆ ಒತ್ತಿ ಅಡ್ಡ ಮಲಗಿಸಿದ ಸ್ಟೀಲ್ ಲೋಟದೊಳಗೆ ಚೆಂಡು ಹೊಕ್ಕಾಗ ಬರುವ ಸದ್ದು ಅದು. ದೊಡ್ಡದೇನಲ್ಲ. ಆದರೆ ರಾತ್ರಿಯ ಸದ್ದಿಗೆ ಕಾಲು ಉದ್ದ. ಬಾಗಿಲ ಸಂದಿಯಲ್ಲಿ ನುಸುಳಿ ಅತ್ತೆಯ ಕೋಣೆ ಮುಟ್ಟಿತು.

“ಯಾರದು? ಬೆಕ್ಕಾ?” ಅಂದರು ಸಾವಿತ್ರಮ್ಮ ಒಳಗಿನಿಂದ.

“ನಾನು ಅತ್ತೆ.”

“ಬೆಕ್ಕಾಗಿದ್ರೆ ವಾಸಿಯಿತ್ತು ಕಣೇ. ಹಾಲು ಕುಡ್ದು ಸುಮ್ನಾಗೋದು.”

“ನಾಳೆ ಫೈನಲ್ ಅಲ್ವಾ. ಇನ್ನೊಂದು ಸ್ವಲ್ಪ ಹೊತ್ತು.”

“ಗೆದ್ರೆ ಏನ್ ಕೊಡ್ತಾರೆ?”

“ಮೈಸೂರಿಗೆ ಕಳಿಸ್ತಾರೆ ಅತ್ತೆ, ಕ್ಲಬ್ಬಿನ ಪರವಾಗಿ ಆಡೋಕೆ.”

“ಮೈಸೂರಿಗೆ ಹೋಗೋಕೆ ಕೋಲು ಚೆಂಡು ಯಾಕೆ ಬೇಕು? ಸ್ಟೇಷನ್ನಿಗೆ ಹೋದ್ರೆ ರೈಲೇ ಐತಲ್ಲ.” ಮುದುಕಿ ಮಗ್ಗುಲು ಬದಲಿಸಿದ್ದು ಮಂಚದ ಕಿರುಗುಟ್ಟುವಿಕೆಯಿಂದ ತಿಳಿಯಿತು. “ಹೋಗ್ಲಿ ಬಿಡು, ಮಲಕ್ಕೋ.”

ಹೋಗ್ಲಿ ಬಿಡು. ಹುಟ್ಟಿದಾಗಿನಿಂದ ಅಶ್ವಿನಿಯ ಕಿವಿಗೆ ಇದರಷ್ಟು ಸಲ ಬಿದ್ದ ಮಾತು ಇನ್ನೊಂದಿಲ್ಲ. ಬಿ.ಎಸ್ಸಿ. ಮುಗಿಸಿ ಎಂ.ಎಸ್ಸಿ.ಗೆ ಸೀಟು ಸಿಕ್ಕಾಗ ಅಪ್ಪ ಅಂದದ್ದು ಅದೇ. ಮದುವೆಯ ಚಪ್ಪರದಲ್ಲಿ ಬೀಗರ ಕಡೆಯವರು ಅವಳ ತಾಯಿಯನ್ನು ಅಳಿಸಿದಾಗ ಹಿರಿಯರೆಲ್ಲ ಅಂದದ್ದು ಅದೇ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಅವಳನ್ನು ಎಬ್ಬಿಸಿ ಆಡಳಿತ ಮಂಡಳಿಯವರ ನೆಂಟನೊಬ್ಬನನ್ನು ಕೂರಿಸಿದಾಗ ಗಂಡ ರಾಜಶೇಖರ್ ಅಂದದ್ದೂ ಅದೇ. ಬಿಡು ಅನ್ನುವವರು ಯಾರೂ ಏನನ್ನೂ ಬಿಟ್ಟವರಲ್ಲ. ಬಿಡಬೇಕಾದವಳು ಮಾತ್ರ ಯಾವಾಗಲೂ ಇವಳೇ. ಪ್ರತಿ ಸಲವೂ ಬಿಟ್ಟಿದ್ದಾಳೆ, ಪ್ರತಿ ಸಲವೂ ಬಿಟ್ಟದ್ದು ಎದೆಯೊಳಗೇ ಎಲ್ಲೋ ಉಳಿದು ಹೆಪ್ಪುಗಟ್ಟಿದೆ.

ಲೋಟ ಎತ್ತಿಡಲಿಲ್ಲ. ಇನ್ನೊಂದು ಚೆಂಡು ಉರುಳಿಸಿದಳು. ಟಣ್.

ಗಾಲ್ಫು ಅವಳ ಕೈಗೆ ಬಂದದ್ದು ಗಂಡನ ಸೊಂಟದ ದೆಸೆಯಿಂದ. ತರೀಕೆರೆಯಿಂದ ಅಜ್ಜಂಪುರದ ಕಡೆ ಹೋಗುವಾಗ, ದನ ಮೇಯುವ ಕಾವಲಿಗೆ ಅಂಟಿಕೊಂಡ ಬೋರೆಯಲ್ಲಿ, ಕೆಲವು ವರ್ತಕರೂ ಲಿಂಗದಹಳ್ಳಿ ಕಡೆಯ ತೋಟದವರೂ ಸೇರಿ ಒಂಬತ್ತು ಗುಂಡಿಯ ಮೈದಾನ ಮಾಡಿಕೊಂಡಿದ್ದರು. ಕೊಬ್ಬರಿ ವ್ಯಾಪಾರದ ರಾಜಶೇಖರ್ ನಾಲ್ಕು ಜನರ ಪರಿಚಯವಾಗಲಿ ಎಂದು ಸದಸ್ಯನಾದ. ಎರಡನೇ ತಿಂಗಳಿಗೇ ಸೊಂಟ ಹಿಡಿದುಕೊಂಡಿತು. ಫ್ಯಾಮಿಲಿ ಮೆಂಬರ್‌ಶಿಪ್ಪು ದಂಡವಾಗಬಾರದೆಂದು ಹೆಂಡತಿಯನ್ನು ಕರೆದುಕೊಂಡು ಹೋದ. ಸುತ್ತಲಿನ ಹಳ್ಳಿಯವರು ಆ ಆಟಕ್ಕೆ ‘ದೊಡ್ಡೋರ ಗೋಲಿ’ ಅಂತ ಹೆಸರಿಟ್ಟಿದ್ದರು. ಅಶ್ವಿನಿಗೆ ಆ ಹೆಸರೇ ಸರಿ ಅನ್ನಿಸಿತು. ಕೋಲು ಬೀಸುವುದು ಮೆರವಣಿಗೆ. ಆಟವಿರುವುದು ಗುಂಡಿಯ ಹತ್ತಿರ.

ಅವಳು ಮೊದಲಿನಿಂದಲೂ ನೋಡುತ್ತಾ ನಿಲ್ಲುವ ಹೆಂಗಸು. ಆತಂಕದವರಿಗೆ ಕಣ್ಣು ಚುರುಕು. ಗಂಡಸರು ಮೊದಲ ಹೊಡೆತಕ್ಕೆ ಚೆಂಡನ್ನು ಅರ್ಧ ಮೈದಾನ ದಾಟಿಸಿ ಮೀಸೆ ಸವರಿಕೊಳ್ಳುತ್ತಿದ್ದರು. ಗುಂಡಿಯ ಹತ್ತಿರ ಬಂದ ಮೇಲೆ ಅದೇ ಗಂಡಸರು ತಪ್ಪಿಸಿಕೊಂಡ ಕೋಳಿ ಅಟ್ಟುವವರ ಹಾಗೆ ಚೆಂಡನ್ನು ಅತ್ತಿಂದಿತ್ತ ಅಟ್ಟಾಡಿಸುತ್ತಿದ್ದರು. ದೂರ ಹೊಡೆಯುವ ತೋಳು ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹಾಗಾದರೆ ಹತ್ತಿರದ್ದನ್ನು ಕಲಿಯೋಣ ಅಂದುಕೊಂಡಳು.

ಹುಲ್ಲಿನ ಗ್ರೀನ್ ಸಾಕುವಷ್ಟು ನೀರು ಆ ಬೋರೆಯಲ್ಲಿಲ್ಲ. ಗುಂಡಿಯ ಸುತ್ತ ಮರಳಿಗೆ ಎಣ್ಣೆ ಕಲಸಿ ತಟ್ಟಿದ ಕಂದು ಅಂಗಳ. ಅದಕ್ಕೆ ಬ್ರೌನ್ ಅನ್ನುತ್ತಾರೆ. ಹೊಡೆಯುವ ಮುಂಚೆ ಉದ್ದ ಹಿಡಿಯ ಹಲಗೆಯೊಂದನ್ನು ಚೆಂಡಿನಿಂದ ಗುಂಡಿಯವರೆಗೆ ಎಳೆದು ದಾರಿ ಸಪಾಟು ಮಾಡಿಕೊಳ್ಳಬೇಕು. ಚೆಂಡು ಹೋದ ಕಡೆ ಮರಳಿನ ಮೇಲೆ ಗೆರೆ ಉಳಿಯುತ್ತದೆ. ಉಳಿದವರು ಚೆಂಡು ನೋಡುವಾಗ ಅಶ್ವಿನಿ ಗೆರೆ ನೋಡುತ್ತಿದ್ದಳು. ಎಲ್ಲಿ ಬಾಗಿತು, ಎಲ್ಲಿ ಸುಸ್ತಾಯಿತು, ಎಲ್ಲವೂ ಅದರಲ್ಲಿತ್ತು.

ಕೊಬ್ಬರಿ ಗೋದಾಮಿನ ಸಿಮೆಂಟ್ ನೆಲದಲ್ಲಿ ಚಿಪ್ ಕಲಿತಳು, ಅಂದರೆ ಹತ್ತಿರದಿಂದ ಚೆಂಡನ್ನು ಮೆಲ್ಲಗೆ ಹಾರಿಸುವುದು. ಒಡೆದ ಕೊಬ್ಬರಿಯ ಒಂದು ಗಿಟುಕು ನೆಲದ ಮೇಲಿಟ್ಟು, ಚೆಂಡು ಹಾರಿ ಮೊದಲು ಅದರ ಮಗ್ಗುಲಲ್ಲೇ ಬೀಳಬೇಕು, ಅಲ್ಲಿಂದ ಉರುಳಬೇಕು ಎಂದು ತನಗೆ ತಾನೇ ಕಟ್ಟು ಹಾಕಿಕೊಂಡಳು. ಎತ್ತರಕ್ಕೆ ಎಸೆದ ಚೆಂಡು ನೋಡಲು ಚೆಂದ, ಆದರೆ ಎಲ್ಲಿ ನಿಲ್ಲುತ್ತದೋ ದೇವರೇ ಬಲ್ಲ. ತಗ್ಗಾಗಿ ಹಾರಿಸಿ ಬೇಗ ನೆಲ ಮುಟ್ಟಿಸಿದರೆ ಉಳಿದದ್ದನ್ನು ನೆಲವೇ ನೋಡಿಕೊಳ್ಳುತ್ತದೆ. ಚೆಂಡನ್ನು ಗುಂಡಿಗೆ ಉರುಳಿಸುವ ಪುಟ್ಟಿಂಗಿಗೆ ಕಣ್ಣು ಮುಚ್ಚಿ ಹೊಡೆಯುವುದು; ಕಣ್ಣು ಬಿಡುವ ಮೊದಲೇ ‘ಮುಂದೆ ಹೋಯ್ತು’ ಅಥವಾ ‘ಹಿಂದೆ ಉಳೀತು’ ಎಂದು ಬಾಯಿಬಿಟ್ಟು ಹೇಳುವುದು; ಆಮೇಲೆ ನೋಡುವುದು. ಮೊದಮೊದಲು ಎಲ್ಲವೂ ಸುಳ್ಳಾಗುತ್ತಿತ್ತು. ಬರಬರುತ್ತಾ ಕೈಗೆ ದೂರ ತಿಳಿಯಿತು. ಮಣಿಕಟ್ಟು ಬಗ್ಗಬಾರದು, ಭುಜ ತೂಗಬೇಕು, ಕೋಲನ್ನು ಹಕ್ಕಿಮರಿ ಹಿಡಿದಂತೆ ಹಿಡಿಯಬೇಕು. ಬಿಗಿಹಿಡಿದರೆ ಕೆಟ್ಟಿತು. ಸಿಟ್ಟು ಮೊದಲು ಬಂದು ಕೂರುವುದೇ ಮಣಿಕಟ್ಟಿನಲ್ಲಿ, ಅದಕ್ಕೇ ಸಿಟ್ಟಿನ ದಿನ ಅವಳು ಪುಟ್ಟಿಂಗ್ ಅಭ್ಯಾಸ ಮಾಡುತ್ತಿರಲಿಲ್ಲ. ಆ ರಾತ್ರಿ ಮಾಡಿದಳು.

ಸಿಟ್ಟಿಗೆ ಕಾರಣ ಅತ್ತೆಯಲ್ಲ. ಹಿಂದಿನ ಭಾನುವಾರ ಸೆಮಿಫೈನಲ್ಲಿನಲ್ಲಿ ಅವಳಿಗೆ ಸೋತ ಮಹೇಂದ್ರ, ತರೀಕೆರೆಯ ಬಟ್ಟೆ ಅಂಗಡಿಯವನು, ಕ್ಯಾಂಟೀನಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, “ಲೇಡೀಸು ಅಂತ ಬಿಟ್ಕೊಟ್ಟೆ ಕಣ್ರೀ. ಮನೇಲಿ ಹೆಂಡ್ತಿಗೆ ಸೋತು ಅಭ್ಯಾಸ ಆಗೈತೆ” ಅಂದಿದ್ದ. ಎಲ್ಲರೂ ನಕ್ಕರು. ಅವಳ ಗಂಡನೂ ನಕ್ಕ. ಮೂರು ವರ್ಷ ಗೋದಾಮಿನ ಧೂಳು ಕುಡಿದು ಕಲಿತದ್ದನ್ನು ಒಂದು ಟೀ ಕುಡಿಯುವುದರೊಳಗೆ ಆ ಮನುಷ್ಯ ತನ್ನ ಔದಾರ್ಯ ಮಾಡಿಕೊಂಡುಬಿಟ್ಟ. ಫೈನಲ್ ಗೆಲ್ಲಬೇಕು, ಮೈಸೂರಿಗೆ ಹೋಗಬೇಕು. ಆದರೆ ಯಾರೂ ಬಿಟ್ಟುಕೊಟ್ಟೆ ಅನ್ನದ ಹಾಗೆ ಗೆದ್ದು ಹೋಗಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಬೆಳಿಗ್ಗೆ ಕ್ಲಬ್ಬಿನ ಜಗಲಿಯಲ್ಲಿ ಕಾರ್ಯದರ್ಶಿ ತೀರ್ಥಪ್ಪ ಮಂಡಕ್ಕಿ ಬುಟ್ಟಿಯೊಂದನ್ನು ಹಿಡಿದು ನಿಂತಿದ್ದರು. ಅವತ್ತಿನ ತೀರ್ಪುಗಾರರೂ ಅವರೇ.

“ಫೋನ್ ಹಾಕಿ, ಫೋನ್ ಹಾಕಿ. ಮೈದಾನದಲ್ಲಿ ಫೋನಲ್ಲಿ ಮಾತಾಡಿದ್ರೆ ಆ ಗುಂಡಿ ಸೋತಂಗೆ. ರೂಲು ರೂಲೇ. ನಮ್ಮಪ್ಪ ಬಂದ್ರೂ ಅಷ್ಟೇ.”

“ನಿಮ್ಮಪ್ಪ ಬಂದ್ರೆ ಫೋನ್ ಬಿಟ್ಟು ಎದ್ದು ಓಡ್ತೀವಿ ತೀರ್ಥಣ್ಣ, ಅವ್ರು ಹೋಗಿ ಹತ್ತು ವರ್ಷ ಆಯ್ತಲ್ಲ,” ಎಂದು ಷಣ್ಮುಖಪ್ಪ ತಮ್ಮ ಫೋನನ್ನು ಬುಟ್ಟಿಗೆ ಹಾಕಿದರು.

ಅವತ್ತಿನ ಎದುರಾಳಿ ಈ ಷಣ್ಮುಖಪ್ಪ. ಅಜ್ಜಂಪುರದ ಈರುಳ್ಳಿ ವ್ಯಾಪಾರಿ, ಐವತ್ತೈದರ ಆಸುಪಾಸು, ಮಠದ ಕೆಲಸಕ್ಕೆಲ್ಲ ಮುಂದೆ ನಿಲ್ಲುವ ಮನುಷ್ಯ. ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಕಿವಿ ಮುಚ್ಚುವಷ್ಟು ಅಗಲದ ಬಿಳಿ ಟೋಪಿ ಹಾಕಿಕೊಂಡಿದ್ದರು. “ನಮಸ್ಕಾರ ಮೇಡಂ. ಈ ಮುದುಕನ್ನ ಜಾಸ್ತಿ ಓಡಿಸ್ಬೇಡಿ,” ಅಂದರು. ಅಶ್ವಿನಿಗೆ ಅವರ ಮೇಲೆ ಸಿಟ್ಟಿರಲಿಲ್ಲ. ಆಗಿನ್ನೂ.

ಆ ಆಟದ ಲೆಕ್ಕ ಸುಲಭ. ಯಾವ ಗುಂಡಿಗೆ ಯಾರು ಕಡಿಮೆ ಹೊಡೆತದಲ್ಲಿ ಚೆಂಡು ಹಾಕುತ್ತಾರೋ ಆ ಗುಂಡಿ ಅವರದು. ಹೆಚ್ಚು ಗುಂಡಿ ಗೆದ್ದವರಿಗೆ ಪಂದ್ಯ. ಚೆಂಡು ಗುಂಡಿಯ ತೀರ ಹತ್ತಿರ ನಿಂತಾಗ, ಇದನ್ನು ಹೊಡೆದು ತೋರಿಸಬೇಕಾಗಿಲ್ಲ, ಹಾಕಿದಂತೆಯೇ ಲೆಕ್ಕ ಎಂದು ಎದುರಾಳಿ ಬಿಟ್ಟುಕೊಡಬಹುದು. ಪುಸ್ತಕದಲ್ಲಿ ಅದಕ್ಕೆ ಏನೇನೋ ಇಂಗ್ಲಿಷ್ ಮಾತಿದೆ. ಈ ಕ್ಲಬ್ಬಿನಲ್ಲಿ ‘ಬಿಡಿ’ ಅನ್ನುತ್ತಾರೆ. ಬಿಡಿ ಅಂದರೆ ಚೆಂಡು ಎತ್ತಿಕೊಂಡು ಮುಂದಿನ ಗುಂಡಿಗೆ ನಡೆಯುವುದು.

ಆರು ಗುಂಡಿ ಮುಗಿಯುವ ಹೊತ್ತಿಗೆ ಅಶ್ವಿನಿ ಒಂದು ಗುಂಡಿ ಮುಂದಿದ್ದಳು. ಅವಳ ಕೋಲಿನ ಚೀಲ ಹೊತ್ತ ರಾಜಶೇಖರ್‌ಗೆ ಸೊಂಟಕ್ಕಿಂತ ಹೆಮ್ಮೆಯೇ ಭಾರವಾಗಿತ್ತು. ಏಳನೇ ಗುಂಡಿಗೆ ಷಣ್ಮುಖಪ್ಪ ಐದನೇ ಹೊಡೆತದಲ್ಲಿ ಚೆಂಡು ಹಾಕಿ ಬ್ರೌನಿನ ಅಂಚಿಗೆ ಹೋಗಿ ಅತ್ತ ಮುಖ ಮಾಡಿ ನಿಂತರು. ಅಶ್ವಿನಿಯದು ನಾಲ್ಕಾಗಿತ್ತು. ಚೆಂಡು ಗುಂಡಿಯಿಂದ ಒಂದೂವರೆ ಅಡಿ. ಹಾಕಿದರೆ ಇಬ್ಬರದೂ ಸಮ, ಅವಳ ಮುನ್ನಡೆ ಉಳಿಯುತ್ತದೆ. ಹಲಗೆ ಎಳೆದು ದಾರಿ ಮಾಡಿಕೊಂಡಳು. ಬಗ್ಗಿದಳು.

“ಬಿಡಿ, ಬಿಡಿ,” ಅಂದರು ಷಣ್ಮುಖಪ್ಪ.

ಅವಳು ಚೆಂಡು ಎತ್ತಿಕೊಂಡಳು. “ಥ್ಯಾಂಕ್ಸ್ ಸರ್.”

ಷಣ್ಮುಖಪ್ಪ ತಿರುಗಿ ನೋಡಿದರು. ಅವರ ಮುಖದಲ್ಲಿ ಒಂದು ಕ್ಷಣ ಏನೋ ಗಾಬರಿ ಬಂದು ಹೋಯಿತು. ಅವಳ ಕೈಯಲ್ಲಿದ್ದ ಚೆಂಡು ನೋಡಿದರು, ಬರುತ್ತಿದ್ದ ತೀರ್ಥಪ್ಪನವರನ್ನು ನೋಡಿದರು.

“ಯಾಕೆ ಮೇಡಂ, ಎತ್ಕೊಂಡ್ಬಿಟ್ರಿ?”

“ನೀವೇ ಬಿಡಿ ಅಂದ್ರಲ್ಲ.”

“ಅಯ್ಯೋ, ನಾನ್ ಅಂದಿದ್ದು ಹಂಗಲ್ಲ ಮೇಡಂ. ಚೆಂಡು ಬಿಡಿ... ಅಂದ್ರೆ ಹೊಡೀರಿ ಅಂತ. ಗೋಲಿ ಆಡೋವಾಗ ಅನ್ನಲ್ವಾ, ‘ಬಿಡೋ, ಬಿಡೋ’ ಅಂತ?”

ಅಶ್ವಿನಿಗೆ ಕೇಳಿದ್ದು ನಂಬಲಾಗಲಿಲ್ಲ. ತೀರ್ಥಪ್ಪ ಹತ್ತಿರ ಬಂದು ಎರಡೂ ಕಡೆಯ ಮಾತು ಕೇಳಿ, ಕೆರೆ ನೀರಿನ ಪಂಚಾಯ್ತಿ ಮಾಡುವವರ ಹಾಗೆ ಗಲ್ಲ ಕೆರೆದುಕೊಂಡರು.

“ನೋಡಿ ತಾಯಿ, ಅವ್ರು ಕೊಟ್ಟಿಲ್ಲ ಅಂತಾವ್ರೆ. ಕೊಡ್ದೆ ಎತ್ಕೊಂಡ್ರೆ ಒಂದು ಹೊಡೆತ ದಂಡ. ಗುಂಡಿ ಅವ್ರಿಗೆ.”

“ತಪ್ಪು ತಿಳುವಳಿಕೆಯಿಂದ ಎತ್ತಿದ್ರೆ ದಂಡ ಇಲ್ಲ ಸರ್. ಚೆಂಡು ವಾಪಸ್ ಅಲ್ಲೇ ಇಟ್ಟು ಹೊಡೀಬೇಕು. ರೂಲ್ ಬುಕ್ಕಲ್ಲಿದೆ, ನಾನು ಓದಿದ್ದೀನಿ.”

“ರೂಲ್ ಬುಕ್ಕು ಇಂಗ್ಲಿಷಲ್ಲೈತೆ ತಾಯಿ. ಅದ್ರಲ್ಲಿ ‘ಬಿಡಿ’ ಅನ್ನೋ ಪದ ಎಲ್ಲೈತೆ ತೋರ್ಸಿ, ನಾನೂ ಒಪ್ಕೊಂಡ್ಬಿಡ್ತೀನಿ.”

“ಹೋದ ವಾರ ಮಹೇಂದ್ರ ಬಿಡಿ ಅಂದಾಗ ಎತ್ಕೊಂಡ್ರೆ ಸರಿ, ಇವತ್ತು ಇವರು ಬಿಡಿ ಅಂದಾಗ ಎತ್ಕೊಂಡ್ರೆ ತಪ್ಪಾ? ವಾರಕ್ಕೊಂದು ಅರ್ಥನಾ ಸರ್ ಅದಕ್ಕೆ?”

“ಅದು ಅಂದೋರ ಮನಸ್ಸಲ್ಲಿ ಏನಿತ್ತು ಅನ್ನೋದ್ರ ಮೇಲೆ ಕಣಮ್ಮ.”

ಅಂದವರ ಮನಸ್ಸು! ಅವಳ ಕಿವಿಗೆ ಬಿದ್ದದ್ದಕ್ಕೆ ಬೆಲೆಯಿಲ್ಲ, ಪುಸ್ತಕದಲ್ಲಿದ್ದದ್ದಕ್ಕೆ ಬೆಲೆಯಿಲ್ಲ, ಆ ಮನುಷ್ಯನ ಟೋಪಿಯ ಕೆಳಗೆ ಏನಿತ್ತೋ ಅದಕ್ಕೆ ಮಾತ್ರ ಬೆಲೆ. ಅವಳು ಗಂಡನ ಕಡೆ ನೋಡಿದಳು. ಒಂದು ಮಾತು ಆಡು, ಬಿಡಿ ಅಂದದ್ದು ನನಗೂ ಕೇಳಿಸಿತು ಅನ್ನು, ಇಡೀ ಸಂಸಾರದಲ್ಲಿ ಇದೊಂದು ಸಲ ಬಾಯಿ ಬಿಡು.

ರಾಜಶೇಖರ್ ಚೀಲದ ಪಟ್ಟಿ ಸರಿಮಾಡಿಕೊಂಡ. “ದೊಡ್ಡೋರ ಹತ್ರ ಯಾಕೆ ವಾದ,” ಅಂದ ಮೆಲ್ಲಗೆ. “ಹೋಗ್ಲಿ ಬಿಡು.”

ಅವಳ ಕೈಯಲ್ಲಿದ್ದ ಪಟರ್ ಕೋಲು ಆ ಗಳಿಗೆ ಯಾರ ಮೊಣಕಾಲಿಗೆ ಹೋಗಬೇಕಿತ್ತೋ ಅಲ್ಲಿಗೆ ಹೋಗಲಿಲ್ಲ. ಅವಳು ಓದಿದವಳು, ಮಾತಿನಲ್ಲಿ ಹದ ತಪ್ಪದವಳು. ಕೋಲನ್ನು ಚೀಲಕ್ಕೆ ತುರುಕಿದಳು, ಒಳಗಿದ್ದ ಕೋಲುಗಳೆಲ್ಲ ಖಣಖಣ ಅಂದವು. “ನಡೀರಿ,” ಅಂದಳು.

ಎಂಟನೇ ಗುಂಡಿಯಲ್ಲಿ ಅವಳ ಆಟವನ್ನು ಅವಳೇ ಗುರುತಿಸಲಾರದಾದಳು. ಹಕ್ಕಿಮರಿ ಹಿಡಿಯಬೇಕಾದ ಕೈ ಒನಕೆ ಹಿಡಿದಂತೆ ಹಿಡಿಯಿತು. ಚಿಪ್ ಮಾಡಿದರೆ ಚೆಂಡು ಬ್ರೌನ್ ದಾಟಿ ಆಚೆ ಹೋಯಿತು. ವಾಪಸ್ ತಂದರೆ ಈಚೆ ಬಂತು. ಆದರೆ ಷಣ್ಮುಖಪ್ಪನವರ ಆಟವೂ ಅಷ್ಟೇ ಕೆಟ್ಟಿತು. ಅವರ ಕಣ್ಣು ಮೇಲಿಂದ ಮೇಲೆ ಎಲ್ಲೋ ಹೋಗುತ್ತಿತ್ತು. ಇಷ್ಟೇ ಇಷ್ಟು ಪುಟ್ಟಿಂಗನ್ನೂ ತಪ್ಪಿಸಿದರು. ಕೊನೆಗೆ ಇಬ್ಬರೂ ಏಳೇಳು ಹೊಡೆದು ಆ ಗುಂಡಿ ಸಮ, ಪಂದ್ಯವೂ ಸಮ. ಉಳಿದದ್ದು ಒಂದೇ ಗುಂಡಿ.

ಒಂಬತ್ತನೆಯದು ಒಂದು ದಿಬ್ಬದ ಹಿಂದಿನ ತಗ್ಗಿನಲ್ಲಿದೆ. ಕ್ಲಬ್ಬಿನ ಜಗಲಿಯಲ್ಲಿ ಕೂತವರಿಗೆ ಬಾವುಟದ ತುದಿ ಬಿಟ್ಟರೆ ಏನೂ ಕಾಣುವುದಿಲ್ಲ. ಷಣ್ಮುಖಪ್ಪ ಅಂತೂ ಇಂತೂ ಐದಕ್ಕೆ ಮುಗಿಸಿದರು. ಎರಡು ಹೊಡೆತ ಮುಗಿಸಿದ್ದ ಅಶ್ವಿನಿಯ ಚೆಂಡು ಬ್ರೌನಿನ ಆಚೆ, ಒಣಹುಲ್ಲಿನ ಇಳಿಜಾರಿನಲ್ಲಿ ನಿಂತಿತ್ತು. ಇಲ್ಲಿಂದ ಎರಡರಲ್ಲಿ ಹಾಕಿದರೆ ನಾಲ್ಕು. ಪಂದ್ಯ ಅವಳದು.

ಚೆಂಡು ಎಲ್ಲಿ ಬೀಳಬೇಕೋ ಆ ಜಾಗ ಹುಡುಕಿದಳು. ಮರಳು ಶುರುವಾಗುವ ಕಡೆ ಒಂದು ಕಪ್ಪು ಕಲೆ. ಇಷ್ಟು ಹೊತ್ತೂ ಗುಂಡಿ ನೋಡಿಕೊಂಡು ಹೊಡೆದಿದ್ದೇ ತಪ್ಪು ಎಂದು ಆಗ ಹೊಳೆಯಿತು. ಗುಂಡಿ ಮರೆತಳು. ಷಣ್ಮುಖಪ್ಪನವರನ್ನು ಮರೆಯಲಾಗಲಿಲ್ಲ, ಆದರೆ ಪಕ್ಕಕ್ಕೆ ಸರಿಸಿದಳು. ಭುಜ ತೂಗಿತು. ಚೆಂಡು ತಗ್ಗಾಗಿ ಹಾರಿ ಕಲೆಯ ಮೇಲೇ ಬಿದ್ದು, ಉರುಳುತ್ತಾ, ಉರುಳುತ್ತಾ ಬಂದು, ಗುಂಡಿಯಿಂದ ಒಂದೂವರೆ ಅಡಿಯಲ್ಲಿ ನಿಂತಿತು.

“ಭೇಷ್!” ಅಂದ ರಾಜಶೇಖರ್.

ಅಷ್ಟರಲ್ಲಿ ತೀರ್ಥಪ್ಪ ಬೊಬ್ಬೆ ಹಾಕಿದರು. “ಅಯ್ಯಯ್ಯೋ, ದನ! ಎಂಟನೇ ಬ್ರೌನಿಗೆ ದನ ನುಗ್ದವು! ನಿನ್ನೆ ತಾನೇ ಎಣ್ಣೆ ಹಾಕ್ಸಿ ತಟ್ಸಿದ್ದೆ ಕಣ್ರಪ್ಪಾ! ರಾಜಶೇಖರಪ್ಪ, ಬನ್ನಿ, ಬನ್ನಿ! ನೀವ್ ಮುಗಿಸ್ಕೊಳ್ಳಿ ಮೇಡಂ, ಬಂದೆ!” ಕಾವಲಿನ ದನಗಳು, ಕೊಂಬು ನೋಡಿದರೇ ದಾರಿ ಬಿಡಬೇಕು ಅನ್ನಿಸುವಂಥವು. ತೀರ್ಥಪ್ಪ ಟವೆಲು ಬೀಸುತ್ತಾ ದಿಬ್ಬ ಹತ್ತಿದರು. ರಾಜಶೇಖರ್ ಚೀಲ ಬಿಸಾಕಿ ಸೊಂಟ ಮರೆತು ಹಿಂದೆ ಓಡಿದ. “ಹೊಯ್! ಹೊಯ್!” ಎಂಬ ಕೂಗು ದಿಬ್ಬದಾಚೆ ದೂರವಾಯಿತು.

ತಗ್ಗಿನಲ್ಲಿ ಇಬ್ಬರೇ ಉಳಿದರು. ಅಶ್ವಿನಿ ಹಲಗೆ ಎಳೆಯುತ್ತಿದ್ದಳು. ಆಗ ಷಣ್ಮುಖಪ್ಪನವರ ಪ್ಯಾಂಟಿನ ಜೇಬಿನಲ್ಲಿ ಏನೋ ಜುಂಯ್ ಅಂದಿತು. ನಿಂತಿತು. ಮತ್ತೆ ಜುಂಯ್.

ಅವರ ಕೈ ತಾನಾಗಿ ಟೋಪಿಯ ಕೆಳಗಿನ ಕಿವಿಗೆ ಹೋಗಿ, ಅರ್ಧದಲ್ಲೇ ನಿಂತಿತು.

ಆತಂಕದವರಿಗೆ ಕಣ್ಣು ಚುರುಕು ಅಂತ ಹೇಳಿದೆನಲ್ಲ. ಅವಳು ಹಲಗೆ ಕೆಳಗಿಟ್ಟಳು.

“ಬುಟ್ಟಿಗೆ ಹಾಕಿದ್ದು ಒಂದು ಫೋನು. ಜೇಬಲ್ಲಿ ಇನ್ನೊಂದು.”

“ಮೇಡಂ...”

“ಏಳನೇ ಗುಂಡೀಲಿ ನೀವು ಬಿಡಿ ಅಂದಿದ್ದು ನಂಗಲ್ಲ. ನನ್ನ ಚೆಂಡಿನ ಕಡೆ ನೀವು ನೋಡೇ ಇರ್ಲಿಲ್ಲ.”

ಷಣ್ಮುಖಪ್ಪ ಟೋಪಿ ತೆಗೆದರು. ಕಿವಿಯಲ್ಲಿ ಹುಣಿಸೆಬೀಜದಷ್ಟು ಕಪ್ಪು ವಸ್ತು. ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಕೂದಲು ಬೆವರಿಗೆ ಅಂಟಿತ್ತು.

“ಮಂಡಿ ಕಡೆಯೋರು ಮೇಡಂ. ಈರುಳ್ಳಿ ರೇಟು ಬೀಳ್ತಾ ಐತೆ, ಏನ್ ಮಾಡೋಣ ಅಂದ್ರು. ಬಂದ ರೇಟಿಗೆ ಬಿಡಿ ಅಂದೆ. ಅಷ್ಟೇ. ತಿರುಗಿ ನೋಡಿದ್ರೆ ನೀವು ಚೆಂಡು ಎತ್ಕೊಂಡಿದ್ದೀರ. ಫೋನಲ್ಲಿದ್ದೆ ಅಂದ್ರೆ ಗುಂಡಿ ಹೋಗುತ್ತೆ, ಮಾನಾನೂ ಹೋಗುತ್ತೆ. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ.”

“ಗೋಲಿ ಆಡೋವಾಗ ಬಿಡೋ ಅಂತಾರೆ ಅಂದ್ರಿ.”

“ಅಂದೆ.”

“ನನ್ನ ಮುಖ ನೋಡ್ಕೊಂಡು ಅಂದ್ರಿ. ನಂಗೆ ಕನ್ನಡ ಬರಲ್ವೇನೋ ಅನ್ನೋ ಹಂಗೆ ಅರ್ಥ ಬಿಡಿಸಿ ಹೇಳಿದ್ರಿ.”

“ತಪ್ಪಾಯ್ತು ಮೇಡಂ.” ದಿಬ್ಬದ ಕಡೆ ಒಮ್ಮೆ ನೋಡಿ ಅವರು ದನಿ ತಗ್ಗಿಸಿದರು. “ಮಠದ ಕಮಿಟೀಲಿ ಇರೋನು ನಾನು. ಇದು ತೀರ್ಥಪ್ಪನ ಬಾಯಿಗೆ ಬಿದ್ರೆ ಸಂಜೆಯೊಳಗೆ ತರೀಕೆರೆ, ಅಜ್ಜಂಪುರ ಎರಡೂ ಸುತ್ತುತ್ತೆ. ಆ ಚೆಂಡು ಎತ್ಕೊಳ್ಳಿ. ಕೊಟ್ಟೆ. ಈ ಸಲ ನಿಮ್ಗೇ ಅಂತಿರೋದು, ಬಾಯ್ತುಂಬ. ಪಂದ್ಯ ನಿಮ್ದು. ಫೋನಿನ ವಿಷ್ಯ ಇಲ್ಲಿಗೇ ಇರ್ಲಿ.”

ಎಷ್ಟು ಸಲೀಸಾಗಿ ಅಂದರು! ಸಂತೆಯಲ್ಲಿ ತೂಕಕ್ಕೆ ಮೇಲೊಂದು ಗೆಡ್ಡೆ ಹಾಕಿ ಗಿರಾಕಿಯನ್ನು ಸಮಾಧಾನ ಮಾಡುವ ಹಾಗೆ. ಕಿತ್ತುಕೊಂಡದ್ದನ್ನೇ ದಾನ ಮಾಡಿ, ಅದರ ಮೇಲೆ ಅವಳ ಬಾಯಿಗೆ ಬೀಗ ಹಾಕಿಸಿಕೊಳ್ಳುವ ಉಪಾಯ. ಮಹೇಂದ್ರನಾದರೂ ಬಿಟ್ಟುಕೊಟ್ಟೆ ಅಂತ ಸುಳ್ಳು ಹೇಳಿದ್ದ. ಈ ಮನುಷ್ಯ ನಿಜವಾಗಿಯೂ ಬಿಟ್ಟುಕೊಡುತ್ತಿದ್ದಾನೆ.

“ನಿಮ್ಮದು ನಂಗೆ ಬೇಡ,” ಅಂದಳು. “ಇದು ನಂದು. ಹೊಡೆದೇ ಹಾಕ್ತೀನಿ.”

“ಬೇಡಿ ಮೇಡಂ, ಸುಮ್ನೆ ಎತ್ಕೊಳ್ಳಿ...”

ಅವಳು ಆಗಲೇ ಚೆಂಡಿನ ಮೇಲೆ ನಿಂತಿದ್ದಳು. ಒಂದೂವರೆ ಅಡಿ. ನಡುಮನೆಯಲ್ಲಿ ಕಣ್ಣು ಮುಚ್ಚಿ ಹಾಕುತ್ತಿದ್ದ ದೂರ. ಆದರೆ ಮಣಿಕಟ್ಟಿನಲ್ಲಿ ಅಪ್ಪನಿದ್ದ, ಆಡಳಿತ ಮಂಡಳಿಯ ನೆಂಟನಿದ್ದ, ಚೀಲದ ಪಟ್ಟಿ ಸರಿಮಾಡಿಕೊಳ್ಳುವ ಗಂಡನಿದ್ದ. ಎಲ್ಲರೂ ಸೇರಿ ಕೋಲು ಬೀಸಿದರು. ಚೆಂಡು ಗುಂಡಿಯ ಬಲದ ತುಟಿ ಸವರಿಕೊಂಡು ಆಚೆ ಹೋಗಿ ನಿಂತಿತು.

ಇಬ್ಬರೂ ಅದನ್ನೇ ನೋಡಿದರು. ಷಣ್ಮುಖಪ್ಪ ನಕ್ಕಿದ್ದರೆ ಚೆನ್ನಾಗಿತ್ತು. ನಗಲಿಲ್ಲ.

“ಅದು ಲೆಕ್ಕಕ್ಕಿಲ್ಲ ಮೇಡಂ,” ಅಂದರು ಸಾವಧಾನವಾಗಿ. “ಕೊಟ್ಟ ಮೇಲೆ ಹೊಡೆದಿದ್ದು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಕೊಟ್ಟಿದ್ದನ್ನ ವಾಪಸ್ ತಗೊಳ್ಳಂಗೂ ಇಲ್ಲ, ಬೇಡ ಅನ್ನಂಗೂ ಇಲ್ಲ. ರೂಲ್ ಬುಕ್ಕಲ್ಲೈತೆ.”

“ಈಗ ನೆನಪಾಯ್ತಾ ರೂಲ್ ಬುಕ್ಕು?”

“ನಿಮ್ಗೂ ಗೊತ್ತಲ್ಲ ಮೇಡಂ, ಓದಿದ್ದೀರಲ್ಲ.”

ಗೊತ್ತಿತ್ತು. ಅಕ್ಷರ ಬಿಡದೆ ಗೊತ್ತಿತ್ತು. ನಿಯಮದ ಪ್ರಕಾರ ಅವರು ಕೊಟ್ಟೆ ಅಂದ ಗಳಿಗೆಯಲ್ಲೇ ಅವಳು ಗೆದ್ದಾಗಿತ್ತು. ಕೊಟ್ಟೆ ಅನ್ನದೇ ಇದ್ದಿದ್ದರೆ, ಮುಂದಿನ ಹೊಡೆತಕ್ಕೆ ಹಾಕಿದರೂ ಐದೈದು ಸಮ, ಇನ್ನೊಂದು ಗುಂಡಿ ಆಡಬೇಕಿತ್ತು. “ಆಡೋಣ, ಇನ್ನೊಂದು ಗುಂಡಿ,” ಅಂದಳು. ಹೇಳಿದ ದನಿ ತನಗೇ ಸಣ್ಣದಾಗಿ ಕೇಳಿಸಿತು.

“ಯಾಕೆ ಅಂತ ತೀರ್ಥಪ್ಪ ಕೇಳ್ತಾರೆ. ಏನ್ ಹೇಳೋಣ?”

ಅವಳು ಎರಡನೇ ಸಲ ಕೇಳಲಿಲ್ಲ. ಕೇಳಬೇಕಿತ್ತು. ಮೈಸೂರಿನ ಹುಲ್ಲು, ಅಲ್ಲಿಯವರೆಗೆ ಹೋಗುವ ದಾರಿ, ಇನ್ನು ಮುಂದೆ ಯಾವ ಗಂಡಸೂ ಎತ್ತಲಾರದ ಆ ‘ಬಿಟ್ಕೊಟ್ಟೆ’ ಎಂಬ ಮಾತು, ಎಲ್ಲವೂ ಅಡ್ಡ ಬಂದು ನಿಂತವು. ತನ್ನ ಮೇಲೆ ಅಷ್ಟು ಸಿಟ್ಟು ಅವಳಿಗೆ ಯಾವತ್ತೂ ಬಂದಿರಲಿಲ್ಲ.

ದಿಬ್ಬದ ಮೇಲೆ ದನಿಗಳು ಕೇಳಿಸಿದವು. ತೀರ್ಥಪ್ಪ ದನ ಕಾಯುವವನ ಮೂರು ತಲೆಮಾರನ್ನೂ ಬೈಯುತ್ತಾ ಬರುತ್ತಿದ್ದರು. ಮರಳಿನ ಮೇಲೆ ಚೆಂಡು ಹೋದ ಗೆರೆ ಸ್ಪಷ್ಟವಾಗಿತ್ತು. ಗುಂಡಿಯ ಪಕ್ಕ ಹಾದು, ಸ್ವಲ್ಪ ಬಾಗಿ, ಆಚೆ. ಅಶ್ವಿನಿ ಚೆಂಡು ಎತ್ತಿಕೊಂಡಳು. ಹಲಗೆ ತೆಗೆದುಕೊಂಡು ಗುಂಡಿಯ ಈಚೆಯಿಂದ ಆಚೆಯವರೆಗೆ ಎಳೆದಳು. ಆಟ ಮುಗಿದ ಮೇಲೆ ಹಲಗೆ ಎಳೆಯುವುದು ಕ್ಲಬ್ಬಿನ ಪದ್ಧತಿಯೇ. ಇಷ್ಟು ಅವಸರದಲ್ಲಿ ಯಾರೂ ಎಳೆಯುವುದಿಲ್ಲ.

“ಏನಾಯ್ತು?” ಏದುಸಿರು ಬಿಡುತ್ತಾ ಬಂದ ತೀರ್ಥಪ್ಪ ಕೇಳಿದರು.

“ಕೊಟ್ಟೆ ತೀರ್ಥಣ್ಣ,” ಅಂದರು ಷಣ್ಮುಖಪ್ಪ. ಟೋಪಿ ಮತ್ತೆ ತಲೆಯ ಮೇಲಿತ್ತು. “ಮೇಡಂ ಗೆದ್ರು.”

“ಒಂದೂವರೆ ಅಡಿ ಅಲ್ವಾ, ಕೊಡ್ಬೇಕಾದ್ದೇ ಬಿಡಿ. ಅವ್ರೇನ್ ತಪ್ಪಿಸ್ತಿದ್ರಾ!”

ಜಗಲಿಯಲ್ಲಿ ಚಪ್ಪಾಳೆ ಬಿತ್ತು. ಮಹೇಂದ್ರನೂ ಎದ್ದು ನಿಂತು ತಟ್ಟಿದ. “ಷಣ್ಮುಖಣ್ಣನ್ನೇ ಸೋಲಿಸಿದ್ರು ಅಂದ್ರೆ ನಾನ್ ಸೋತಿದ್ದು ದೊಡ್ಡದಲ್ಲ ಬಿಡಿ,” ಅಂದ. ಷಣ್ಮುಖಪ್ಪ ಎಲ್ಲರೆದುರು ಅವಳಿಗೆ ಹಾರ ಹಾಕಿಸಿದರು, ಕೈಮುಗಿದರು. ಅವರ ಕಣ್ಣು ಮಾತ್ರ ಒಂದು ಕ್ಷಣ ಅವಳ ಕಣ್ಣಲ್ಲಿ ನಿಂತು ಏನೋ ವಿಚಾರಿಸಿ ಹೋಯಿತು.

ಬೀರೂರು ದಾಟುವವರೆಗೂ ರಾಜಶೇಖರ್ ಒಬ್ಬನೇ ಮಾತಾಡಿದ. ಅಮ್ಮನಿಗೆ ಫೋನು ಮಾಡಿ, “ಗೆದ್ಬಿಟ್ಳಮ್ಮ ನಿನ್ನ ಸೊಸೆ!” ಎಂದು ಕೂಗಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, “ಸಂತೋಷ ಇಲ್ವೇನೇ? ಏಳನೇ ಗುಂಡೀದು ಇನ್ನೂ ಮನಸ್ಸಲ್ಲಿ ಇಟ್ಕೊಂಡಿದ್ದೀಯಾ?” ಅಂದ.

ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಏಳನೇ ಗುಂಡಿಯದು ಹೇಳಬೇಕಾದರೆ ಫೋನಿನದು ಹೇಳಬೇಕು. ಫೋನಿನದು ಹೇಳಿದರೆ ಷಣ್ಮುಖಪ್ಪ ಯಾಕೆ ಬಿಟ್ಟುಕೊಟ್ಟರು ಎಂಬುದು ಬರುತ್ತದೆ. ಅದು ಬಂದರೆ ಅವಳು ಹೊಡೆದದ್ದು ಬರುತ್ತದೆ, ತಪ್ಪಿಸಿದ್ದು ಬರುತ್ತದೆ, ಹಲಗೆ ಎಳೆದದ್ದು ಬರುತ್ತದೆ. ಎಲ್ಲ ಒಂದೇ ದಾರದಲ್ಲಿ ಪೋಣಿಸಿದ್ದವು. ಒಂದು ಜಗ್ಗಿದರೆ ಉಳಿದವೂ ಬರುತ್ತವೆ. ಆ ಮನುಷ್ಯನಿಗೂ ಇದು ಗೊತ್ತು. ಅದಕ್ಕೇ ಅಷ್ಟು ನಿಶ್ಚಿಂತೆಯಿಂದ ಕೈಮುಗಿದ. ಅವನ ಸುಳ್ಳನ್ನು ಈಗ ಅವಳೇ ಕಾಯಬೇಕು, ಅವಳದನ್ನು ಅವನು.

“ಏನಿಲ್ಲ,” ಅಂದಳು. “ಸುಸ್ತಾಗಿದೆ.”

ಮೈಸೂರಿಗೆ ಹೋಗುತ್ತಾಳೆ. ಅಲ್ಲಿ ಯಾರೂ ಏನೂ ಕೊಡದ ಹಾಗೆ ಆಡುತ್ತಾಳೆ. ಆದರೆ ಆ ತಗ್ಗಿನಲ್ಲಿ ನಡೆದದ್ದನ್ನು ಗಂಡನಿಗೆ ಹೇಳುವುದಿಲ್ಲ, ಅತ್ತೆಗೆ ಹೇಳುವುದಿಲ್ಲ, ಸಾಯುವವರೆಗೂ ಯಾರಿಗೂ ಹೇಳುವುದಿಲ್ಲ ಎಂದು, ಹಲ್ಲು ಕಚ್ಚಿಕೊಂಡು, ಕಡೂರು ಬರುವ ಮುಂಚೆಯೇ ತೀರ್ಮಾನಿಸಿದಳು.